ಅತ್ತೆಯ ನೆರಳಿನ ಅಳತೆ

"ಗೋಡೆ ಬಳಿಯೋಕೆ ಈ ಮನೇಲಿ ಒಬ್ಬ ಗಂಡಸಿದ್ದ, ಸಾಕಾಗಿತ್ತು. ಈಗ ಹೆಂಗಸೂ ಹೊರಟಳು. ಇನ್ನು ಮೆಣಸಿನಕಾಯಿ ಸಿಪ್ಪೆ ಸುಲಿಯೋಕೆ ಪುರಸಭೆಯವರನ್ನೇ ಕರೀಬೇಕು," ಎಂದಳು ವೆಲಿಕಾ.

ಎಂಬತ್ತೊಂದರ ಮುದುಕಿ. ಸೆಪ್ಟೆಂಬರ್ ಬಂತೆಂದರೆ ನಮ್ಮೂರಿನ ಎಲ್ಲ ಅಂಗಳಗಳಲ್ಲೂ ಲ್ಯುತೆನಿತ್ಸಾ ಚಟ್ನಿಗೆಂದು ಕೆಂಪು ದಪ್ಪಮೆಣಸಿನಕಾಯಿ ಸುಡುವ ಹೊಗೆ. ವೆಲಿಕಾಳ ಅಂಗಳದ್ದು ಮಾತ್ರ ಎಲ್ಲರಿಗಿಂತ ಮೊದಲು ಏಳಬೇಕು, ಎಲ್ಲರಿಗಿಂತ ಕಡೆಗೆ ಆರಬೇಕು. ಬಿಸಿ ಕಾಯಿಯನ್ನು ಬರಿಗೈಯಲ್ಲಿ ಹಿಡಿದು ಸುಲಿಯುತ್ತಿದ್ದಳು. ಎದುರಿಗೆ ಸೊಸೆ ನೆವೆನಾ ಕೂತಿದ್ದಳು, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ.

"ಸುಲೀತಾ ಇದೀನಲ್ಲ ಅತ್ತೆ."

"ಸುಲೀತಾ ಇದೀಯ, ಕಾಣುತ್ತೆ. ಈ ವರ್ಷದ ಲ್ಯುತೆನಿತ್ಸಾ ನೀಲಿ ಬಣ್ಣಕ್ಕೆ ಬರುತ್ತೆ."

"ನೀಲಿ ಆದ್ರೆ ನಾನು ಫೋಟೋ ಹಾಕ್ತೀನಿ ಅಜ್ಜಿ, ಪೇಟೆಯಿಂದ ಕಾರು ತಗೊಂಡು ಬಂದು ಕೊಂಡ್ಕೋತಾರೆ," ಎಂದಳು ಮೊಮ್ಮಗಳು ಕಾಲಿನಾ. ಹದಿನೈದು ವರ್ಷ, ಬಾಯಿ ಮಾತ್ರ ಅಜ್ಜಿಯದೇ.

ನೆವೆನಾ ನಕ್ಕಳು. ಆ ದಿನಗಳಲ್ಲಿ ಅವಳಿಗೆ ಏನು ಹೇಳಿದರೂ ನಗು ಬರುತ್ತಿತ್ತು. ಹನ್ನೊಂದು ವರ್ಷ ಮಿಠಾಯಿ ಅಂಗಡಿಯಲ್ಲಿ ಕೇಕಿನ ಮೇಲೆ ಗುಲಾಬಿ ಬಿಡಿಸಿದವಳು. ಶಿಶುವಿಹಾರದವರು ಒಂದು ಸಲ ಗೋಡೆಗೆ ನಾಲ್ಕು ಮೊಲ ಬರೆದುಕೊಡು ಅಂದರು, ಬರೆದಳು. ಆಮೇಲೆ ಬಸ್ ನಿಲ್ದಾಣ. ಹೋದ ವರ್ಷ ಪಕ್ಕದ ಪಟ್ಟಣದ ಮೆಣಸಿನಕಾಯಿ ಹಬ್ಬದಲ್ಲಿ ಜನರ ಕಣ್ಣೆದುರೇ ಎರಡು ದಿನ ನಿಂತು ಬೇಕರಿಯ ಗೋಡೆಗೆ ಬಣ್ಣ ಹಾಕಿದಳು. ಜನ ಸೂರ್ಯಕಾಂತಿ ಬೀಜ ಜಗಿಯುತ್ತಾ ನಿಂತಿದ್ದರು. ಮೂಗು ಬರೆದರೆ ಒಬ್ಬ ಶಿಳ್ಳೆ ಹಾಕುತ್ತಿದ್ದ, ಕಿವಿ ಬರೆದರೆ ಇನ್ನೊಬ್ಬಳು "ಅದು ನಮ್ಮ ಮಾವನ ಕಿವಿ" ಅನ್ನುತ್ತಿದ್ದಳು. ಚಿತ್ರ ಮುಗಿದ ಮೇಲೆ ಯಾರೂ ತಿರುಗಿ ನೋಡಲಿಲ್ಲ. ಜನಕ್ಕೆ ಬೇಕಾದದ್ದು ಚಿತ್ರವಲ್ಲ, ಚಿತ್ರ ಆಗುವುದು. ಅಂದೇ ನೆವೆನಾಗೆ ತನ್ನ ಕೆಲಸ ಯಾವುದೆಂದು ಗೊತ್ತಾಯಿತು. ಮಿಠಾಯಿ ಅಂಗಡಿ ಬಿಟ್ಟಳು. ವೆಲಿಕಾ ಮೂರು ವಾರ ಅವಳ ಜೊತೆ ಉಪ್ಪು ಕೊಡು, ಬಾಗಿಲು ಹಾಕು ಅನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಈಗ ನಮ್ಮೂರಿನವರೇ ಕರೆದಿದ್ದರು. ಪುಸ್ತಕ, ನಾಟಕ, ಹಾಡು ಎಲ್ಲಕ್ಕೂ ಊರಿಗೆ ಇರುವುದೊಂದೇ ಹಳೆಯ ಓದುಮನೆ. ಅದರ ಪಡುವಣ ಗೋಡೆಯ ಮೇಲೆ ಊರು ಕಟ್ಟಿದ ಗಾರೆಯವರ ಚಿತ್ರ ಬರೆಯಬೇಕು, ಜನರೆದುರೇ, ಸಂಜೆ ಸಂಜೆ. ಅಕ್ಟೋಬರ್ ಇಪ್ಪತ್ತಾರಕ್ಕೆ, ಸಂತ ದಿಮಿತರನ ಹಬ್ಬಕ್ಕೆ ಮುಗಿಯಬೇಕು. ಹಿಂದೆ ಬೇಸಿಗೆಯಿಡೀ ದೂರದೂರಲ್ಲಿ ಮನೆ ಕಟ್ಟಲು ಹೋದ ನಮ್ಮ ಗಂಡಸರು ಮನೆಗೆ ಮರಳುತ್ತಿದ್ದದ್ದು ಆ ದಿನ. ನೆವೆನಾಳ ಗಂಡ ಮಿಂಚೋ ಕೂಡ ಅದೇ ಗಾರೆಯವರ ಮನೆತನ. ಗೋಡೆಗೆ ಗಾರೆ ಬಳಿದು ಹದ ಮಾಡಿಕೊಡುವ ಕೆಲಸ ಅವನದು.

ಗೋಡೆ ಹದಕ್ಕೆ ಬರಲಿಲ್ಲ.

ಮಿಂಚೋ ಮೊದಲ ಸಲ ಬಳಿದದ್ದು ಮೂರನೇ ದಿನಕ್ಕೆ ಉದುರಿತು. ಎಲ್ಲಾ ಕಡೆ ಅಲ್ಲ. ನಡುವೆ, ಒಬ್ಬ ಮನುಷ್ಯ ನಿಂತರೆ ಎಷ್ಟೋ ಅಷ್ಟಗಲ, ಅಷ್ಟೆತ್ತರ. ಇಟ್ಟಿಗೆ ತೊಳೆದು, ತಂತಿಬಲೆ ಹೊಡೆದು ಎರಡನೇ ಸಲ ಬಳಿದ. ಸೆಪ್ಟೆಂಬರ್ ಹದಿನಾರರ ಬೆಳಿಗ್ಗೆ ಅದೂ ಕೆಳಗೆ ಬಿದ್ದಿತ್ತು, ಅದೇ ಆಕಾರದಲ್ಲಿ.

"ನೀರು ಬರ್ತಾ ಇದೆಯಾ ಒಳಗಿಂದ?" ನೆವೆನಾ ಕೇಳಿದಳು.

"ಒಣ ರಸ್ಕು ಇದ್ದ ಹಾಗಿದೆ. ಮೂವತ್ತು ವರ್ಷ ಆಯ್ತು ನಾನು ಗಾರೆ ಹಿಡಿದು. ಇಂಥದ್ದು ಕಂಡಿಲ್ಲ."

"ಇನ್ನೊಂದು ಸಲ ಬಿದ್ರೆ ಕೆಲಸ ಕಿತ್ಕೋತಾರೆ ಮಿಂಚೋ. ಓದುಮನೆಯ ಗಾನ್ಚೆವಾ ಮೇಡಂ ಆಗಲೇ ಪೇಟೆಯವನೊಬ್ಬನ ಹೆಸರು ಹೇಳ್ತಿದ್ರು."

"ಬೀಳಲ್ಲ."

"ಹೋದ ಸಲಾನೂ ಹಾಗೇ ಅಂದೆ."

ಮಿಂಚೋ ಕೈಚೀಲ ಎತ್ತಿಕೊಂಡು ಹಿತ್ತಲಿಗೆ ಸುಣ್ಣ ಕಲಸಲು ಹೋದ. ನೆವೆನಾ ಇಟ್ಟಿಗೆಗೆ ಹಣೆ ಆನಿಸಿ ಅತ್ತಳು. ಯಾರೂ ನೋಡಲಿಲ್ಲ ಅಂದುಕೊಂಡಳು.

ಸಂಜೆ ವೆಲಿಕಾ ಹುರುಳಿ ಸೂಪಿನ ಡಬ್ಬಿ ತಂದಳು. ಕೆಳಗಿಳಿದ ಬಿಸಿಲು ನೇರವಾಗಿ ಗೋಡೆಗೆ ಬೀಳುತ್ತಿತ್ತು. ಮುದುಕಿಯ ನೆರಳು ಇಟ್ಟಿಗೆಯ ಮೇಲೆ ಆಳೆತ್ತರಕ್ಕೆ ನಿಂತಿತು, ತಲೆವಸ್ತ್ರದ ಗಂಟಿನ ಸಮೇತ.

"ಅತ್ತೆ, ಅಲ್ಲಾಡಬೇಡಿ. ಒಂದು ನಿಮಿಷ."

ನೆವೆನಾ ಕೆಂಪು ಉಣ್ಣೆದಾರ ತೆಗೆದಳು. ಅದು ಅವಳು ತಾನೇ ಕಂಡುಕೊಂಡ ಉಪಾಯ: ಬಿಸಿಲಲ್ಲಿ ಮನುಷ್ಯರನ್ನು ನಿಲ್ಲಿಸಿ, ನೆರಳನ್ನು ಅಡಿಯಿಂದ ಮುಡಿಗೆ ದಾರದಲ್ಲಿ ಅಳೆದು, ದಾರವನ್ನು ಎಂಟು ಮಡಿಕೆ ಮಾಡಿದರೆ ತಲೆಯೆಷ್ಟು, ಕೈಯೆಷ್ಟು ಎಂದು ಗೊತ್ತಾಗುತ್ತಿತ್ತು. ಅವಳು ಬಯಲುಸೀಮೆಯ ಊರಿನವಳು. ಗಾರೆಯವರ ಊರಿನಲ್ಲಿ ಯಾರೂ ಯಾರ ನೆರಳನ್ನೂ ದಾರದಲ್ಲಿ ಅಳೆಯುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ವೆಲಿಕಾ ಕದಲಲಿಲ್ಲ. ದಾರ ತನ್ನ ನೆರಳಿನ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ತಲೆಗೆ ಏರುವುದನ್ನು ನೋಡುತ್ತಿದ್ದಳು.

"ಆಯ್ತಾ?"

"ಆಯ್ತು ಅತ್ತೆ. ಸುಣ್ಣ ಹೊರೋ ಹೆಂಗಸನ್ನ ನಿಮ್ಮ ಅಳತೇಲೇ ಬರೀತೀನಿ."

"ಕೈ ತೊಳ್ಕೊಂಡು ಬಾ, ಸೂಪು ಆರುತ್ತೆ," ಎಂದಳು ಮುದುಕಿ.

ಅಂದು ಕತ್ತಲಾಗುವ ಮೊದಲು ಮಿಂಚೋ ಮೂರನೇ ಸಲ ಗಾರೆ ಬಳಿದ. ಅದು ನಿಂತಿತು.

*

ಮೊದಲು ಗಮನಿಸಿದವಳು ಕಾಲಿನಾ. ನಾಲ್ಕನೇ ದಿನ ಬೆಳಿಗ್ಗೆ ಚೀಸು ತುಂಬಿದ ಬಾನಿತ್ಸಾ ರೊಟ್ಟಿ ತಿನ್ನಲು ಕೂತಾಗ ಕೇಳಿದಳು: "ಅಜ್ಜಿ, ಏಪ್ರನ್ ದಾರಕ್ಕೆ ಯಾಕೆ ಗಂಟು ಹಾಕಿದೀಯ? ನಾಲ್ಕು ಗಂಟು ಇದೆ."

"ಲೆಕ್ಕ ಮರೆತುಹೋಗುತ್ತೆ ನಂಗೆ."

"ಏನರ ಲೆಕ್ಕ?"

"ಸೀಸೆ ಲೆಕ್ಕ. ಬಾನಿತ್ಸಾ ತಿನ್ನು, ಬಸ್ಸು ಹೋಗುತ್ತೆ."

ಮುದುಕಿ ತಾನು ಮಾತ್ರ ತಿನ್ನಲಿಲ್ಲ. ಒಂದು ಲೋಟ ಮೊಸರು ನೀರು ಕುಡಿದು ತಟ್ಟೆಯನ್ನು ಮಗನ ಕಡೆ ಸರಿಸಿದಳು. ಮರುದಿನವೂ ಹಾಗೆಯೇ. ಎಂಟನೇ ಗಂಟಿನ ಹೊತ್ತಿಗೆ ಉಗ್ರಾಣದ ಲ್ಯುತೆನಿತ್ಸಾ ಸೀಸೆಗಳ ಮೇಲೆ ಚೀಟಿ ಅಂಟಿಸತೊಡಗಿದಳು. ಪ್ರತಿ ಚೀಟಿಯ ಮೇಲೆ ಒಂದು ಹೆಸರು: ಮಿಂಚೋ, ಕಾಲಿನಾ, ಪಕ್ಕದ ಮನೆ ತೋತ್ಕಾ, ಚರ್ಚಿನ ಪಾದ್ರಿ. ನೆವೆನಾಳ ಹೆಸರು ಆರು ಸೀಸೆಗಳ ಮೇಲಿತ್ತು.

"ಏನಮ್ಮ ಇದು, ಮನೆ ಹಂಚಿದ ಹಾಗೆ?" ಮಿಂಚೋ ಕೇಳಿದ.

"ಹಂಚಬಾರದಾ? ನಾನು ಸುಟ್ಟ ಮೆಣಸಿನಕಾಯಿ, ನನ್ನಿಷ್ಟ."

"ಡಾಕ್ಟರ್ ಹತ್ರ ಹೋಗೋಣ."

"ಡಾಕ್ಟರಿಗೆ ಒಂದು ಸೀಸೆ ಇಟ್ಟಿಲ್ಲ, ಹೋದ್ರೆ ಬೇಜಾರು ಮಾಡ್ಕೋತಾನೆ."

ಓದುಮನೆಯ ಮುಂದೆ ಸಂಜೆ ಸಂಜೆ ಜನ ಸೇರತೊಡಗಿದ್ದರು. ಬೆಂಚು, ಮಡಚುವ ಕುರ್ಚಿ, ಬೀಜದ ಪೊಟ್ಟಣ. ನೆವೆನಾ ಮರದ ಅಟ್ಟಣಿಗೆ ಹತ್ತಿ ಮೇಲಿಂದ ಕೆಳಕ್ಕೆ ಬರೆಯುತ್ತಾ ಬಂದಳು: ಬೆಟ್ಟ, ಹೆಂಚಿನ ಮಾಡು, ಕಮಾನು, ಕಲ್ಲು ಎತ್ತುವ ಗಂಡಸರು. ನಡುವೆ, ಎರಡು ಸಲ ಗಾರೆ ಬಿದ್ದ ಜಾಗದಲ್ಲಿ, ಸುಣ್ಣದ ಬುಟ್ಟಿ ಹೊತ್ತ ಹೆಂಗಸು. ಅವಳಿಗೆ ಇಪ್ಪತ್ತೈದರ ಮುಖ ಕೊಡಬೇಕೆಂದು ನೆವೆನಾ ಯೋಚಿಸಿಟ್ಟಿದ್ದಳು. ಹುಬ್ಬು ಬರೆದಳು, ಗಲ್ಲ ಬರೆದಳು. ಹಿಂದಿನಿಂದ ಯಾರೋ ಹೇಳಿದರು: "ವೆಲಿಕಾ ಅಲ್ವಾ."

ಅಳಿಸಿ ಬೇರೆ ಬರೆದಳು. ಮರುದಿನ ನೋಡಿದರೆ ಮತ್ತೆ ವೆಲಿಕಾಳೇ. ವಯಸ್ಸು ಇಪ್ಪತ್ತೈದೇ, ಸುಕ್ಕಿಲ್ಲ. ಆದರೆ ಆ ನೋಟ ಆ ಮುದುಕಿಯದು. ಮೂರು ಸಲ ಅಳಿಸಿದಳು. ನಾಲ್ಕನೇ ಸಲ ಕೈ ತಾನಾಗಿ ಬರೆಯಲು ಬಿಟ್ಟಳು.

ನಮ್ಮೂರಿನಲ್ಲಿ ಗೋಡೆ ಮೇಲೆ ಮುಖ ಕಂಡರೆ ಅದಕ್ಕೊಂದೇ ಅರ್ಥ. ಯಾರಾದರೂ ತೀರಿಕೊಂಡರೆ ಅವರ ಫೋಟೋ ಹಾಕಿದ ಹಾಳೆಯನ್ನು ಮನೆಬಾಗಿಲಿಗೆ, ಕಂಬಕ್ಕೆ, ಬೇಕರಿಯ ಗೋಡೆಗೆ ಅಂಟಿಸುತ್ತೇವೆ. ನಲವತ್ತು ದಿನಕ್ಕೆ ಒಂದು, ವರ್ಷಕ್ಕೆ ಒಂದು. ಗಾರೆ ನಿಂತ ಇಪ್ಪತ್ತೆರಡನೇ ದಿನ ಕೆಳಗಿನ ಕೇರಿಯ ಒಬ್ಬ ಮುದುಕ ಬಂದು ಟೋಪಿ ತೆಗೆದು, ಚಿತ್ರದ ಕೆಳಗೆ ಮೇಣದಬತ್ತಿ ಹಚ್ಚಿ, ಶಿಲುಬೆ ಗುರುತು ಹಾಕಿಕೊಂಡ. ಪಕ್ಕದಲ್ಲಿ ಬ್ರೆಡ್ಡಿನ ಚೀಲ ಹಿಡಿದು ವೆಲಿಕಾಳೇ ನಿಂತಿದ್ದಳು.

"ಯಾವಾಗ ಹೋದಳು ಪಾಪ?" ಮುದುಕ ಅವಳನ್ನೇ ಕೇಳಿದ. ಅವನಿಗೆ ಕಣ್ಣು ಅಷ್ಟಕ್ಕಷ್ಟೆ.

"ಇನ್ನೂ ಹದಿನೆಂಟು ದಿನ ಇದೆ," ಎಂದಳು ವೆಲಿಕಾ.

ಜನ ನಕ್ಕರು. ತೋತ್ಕಾ ನಗಲಿಲ್ಲ. ಆ ಸಂಜೆಯೇ ವೆಲಿಕಾಳ ಅಡುಗೆಮನೆಗೆ ಬಂದು, ಮುದುಕಿ ಕೋಳಿಗೂಡಿಗೆ ಹೋದದ್ದು ನೋಡಿಕೊಂಡು, ಕಾಲಿನಾಳನ್ನು ಹಿಡಿದಳು.

"ನಿಮ್ಮಮ್ಮ ನಿಮ್ಮಜ್ಜಿ ನೆರಳು ಅಳೆದಳಲ್ಲೇ, ದಾರದಲ್ಲಿ? ಔಷಧಿ ಅಂಗಡಿ ಕಿಟಕಿಯಿಂದ ನಾನೇ ನೋಡಿದೆ."

"ಅಳೆದ್ರೆ ಏನಾಯ್ತು ತೋತ್ಕಾ ಅತ್ತೆ?"

"ಏನಾಯ್ತಂತೆ. ಗೋಡೆ ನಿಲ್ಲದೇ ಇದ್ರೆ ಹಳೆ ಗಾರೆಯವರು ಏನು ಮಾಡ್ತಿದ್ರು ಗೊತ್ತಾ? ದಾರೀಲಿ ಹೋಗೋರ ನೆರಳನ್ನ ಅವರಿಗೆ ಗೊತ್ತಾಗದ ಹಾಗೆ ದಾರದಲ್ಲಿ ಅಳೆದು, ಆ ದಾರಾನ ಗೋಡೆ ಒಳಗಿಟ್ಟು ಮುಚ್ತಿದ್ರು. ಗೋಡೆ ನಿಲ್ತಿತ್ತು. ಆ ಮನುಷ್ಯ ನಲವತ್ತು ದಿನಕ್ಕೆ ಹೋಗ್ತಿದ್ದ. ಆಮೇಲೆ ಅವನೇ ಗೋಡೆಗೆ ಕಾವಲು."

"ಅಜ್ಜಿ ಕಾಲದ ಕತೆ."

"ನಿಮ್ಮಜ್ಜಿ ಕಾಲದ್ದೇ. ಅವಳಪ್ಪ ಗಾರೆ ಮೇಸ್ತ್ರಿ. ಅವಳಿಗೆ ಗೊತ್ತಿಲ್ವಾ? ಆ ದಾರ ಎಲ್ಲಿದೆ ಅಂತ ನಿಮ್ಮಮ್ಮನ್ನ ಕೇಳು."

ಕಾಲಿನಾ ಊಟದ ಮೇಜಿನಲ್ಲಿ ಎಲ್ಲರೆದುರೇ ಕೇಳಿಬಿಟ್ಟಳು. ಹುರಿದ ಆಲೂಗಡ್ಡೆ, ಬಿಳಿ ಚೀಸು, ಟೊಮೇಟೊ. ಮಿಂಚೋನ ಫೋರ್ಕು ನಿಂತಿತು.

"ದಾರ ಎಲ್ಲಿ ನೆವೆ?"

"ಬಣ್ಣದ ಪೆಟ್ಟಿಗೇಲಿ ಇಟ್ಟಿದ್ದೆ. ಕೈ ತೊಳೆದು ಬಂದ್ಮೇಲೆ ಇರಲಿಲ್ಲ. ಗಾಳಿಗೆ ಹೋಯ್ತು ಅಂದ್ಕೊಂಡೆ."

"ಗಾಳಿಗೆ."

"ಹಂಗೆ ನೋಡಬೇಡ. ಗಾರೆ ಬಳಿದವನು ನೀನು. ಒಳಗೆ ಏನಿದೆ ಅಂತ ಬಳಿದವನಿಗೆ ಗೊತ್ತಿರಬೇಕು."

"ನಾನು ನಮ್ಮಮ್ಮನ್ನ ಗೋಡೆಗೆ ಹಾಕಿದೆ ಅಂತಾನಾ?"

"ನಾನು ಹಾಕಿದೆ ಅಂತಾನಾ? ಊರೆಲ್ಲ ಹಾಗೇ ಹೇಳ್ತಾ ಇರೋದು. ಅತ್ತೆ ಕೋಣೆ ಬೇಕು ಸೊಸೆಗೆ, ಬಣ್ಣ ಇಡೋಕೆ ಅಂತ."

"ತಿನ್ನಿ, ಆಲೂಗಡ್ಡೆ ಆರಿದ್ರೆ ರಬ್ಬರ್ ಆಗುತ್ತೆ," ಎಂದಳು ವೆಲಿಕಾ. ಅವಳ ತಟ್ಟೆಯಲ್ಲಿ ಏನೂ ಇರಲಿಲ್ಲ. ಏಪ್ರನ್ ದಾರ ಮೊಳಕಾಲವರೆಗೆ ಗಂಟುಗಂಟಾಗಿ ಇಳಿದಿತ್ತು.

*

ಅಲ್ಲಿಂದ ಆ ಮನೆಯಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ಕಳ್ಳರ ಹಾಗೆ ನೋಡತೊಡಗಿದರು. ಮಿಂಚೋ ಹಜಾರದಲ್ಲಿ ಮಲಗಿದ. ನೆವೆನಾ ಅತ್ತೆಗೆಂದು ಕೋಳಿ ಸೂಪು ಮಾಡಿದಳು, ಅನ್ನ ಹಾಕಿ ಮೊಸರಿನಲ್ಲಿ ಕದಡಿದಳು. ಮುದುಕಿ ಎರಡು ಚಮಚ ಕುಡಿದು ಚೆನ್ನಾಗಿದೆ ಅಂದಳು. ಹದಿನಾರು ವರ್ಷದಲ್ಲಿ ಅವಳು ಸೊಸೆಯ ಅಡುಗೆಯನ್ನು ಚೆನ್ನಾಗಿದೆ ಅಂದದ್ದು ಅದೇ ಮೊದಲು.

ಇನ್ನೊಂದು ಸಂಗತಿ ಅವಳು ಯಾರಿಗೂ ಹೇಳಲಿಲ್ಲ. ಬಣ್ಣದ ಹೆಂಗಸಿನ ಕೆನ್ನೆಗೆ ಅವಳು ಹಚ್ಚಿದ್ದು ತೆಳು ಕಂದು. ಬೆಳಿಗ್ಗೆ ಬೆಳಿಗ್ಗೆ ನೋಡಿದರೆ ಆ ಕೆನ್ನೆ ಇನ್ನಷ್ಟು ಕೆಂಪೇರಿರುತ್ತಿತ್ತು. ಮನೆಗೆ ಬಂದರೆ ಅತ್ತೆಯ ಕೆನ್ನೆ ಮೇಣದ ಹಾಗೆ.

ಓದುಮನೆಯ ಕಾರ್ಯದರ್ಶಿ ಗಾನ್ಚೆವಾ ಮೇಡಂ ಮಾತ್ರ ಹಿಗ್ಗಿದ್ದರು. "ನೆವೆನಾ, ಎಷ್ಟು ಜೀವ ಇದೆ ಇದರಲ್ಲಿ. ಪಟ್ಟಣದವರು ನಿಮ್ಮಿಂದ ಬರೆಸೋಕೆ ಮೂರು ಗೋಡೆ ಇಟ್ಕೊಂಡು ಕಾಯ್ತಾ ಇದಾರೆ, ಹಬ್ಬದ ದಿನ ಬಂದು ನೋಡ್ತಾರಂತೆ. ಗಾರೆ ಒಂದು ಚೂರೂ ಬಿರಿದಿಲ್ಲ ನೋಡಿ."

ಅಕ್ಟೋಬರ್ ಇಪ್ಪತ್ನಾಲ್ಕು, ಮಧ್ಯಾಹ್ನ. ಅತ್ತೆ ಸೊಸೆ ಅಂಗಳದಲ್ಲಿ ಆಕ್ರೋಡು ಒಡೆಯುತ್ತಿದ್ದರು. ಒಡೆಯುವವಳು ನೆವೆನಾ; ಮುದುಕಿಯ ಕೈಗೆ ಸುತ್ತಿಗೆ ಎತ್ತುವ ಶಕ್ತಿ ಉಳಿದಿರಲಿಲ್ಲ, ತಿರುಳು ಬಿಡಿಸುತ್ತಿದ್ದಳು. ಮಡಿಲಲ್ಲೊಂದು ಫೋಟೋ ಇತ್ತು.

"ಇದನ್ನೇ ಹಾಕಿಸು. ಬಾಗಿಲ ಮೇಲಿನ ಹಾಳೆಗೆ. ಮಿಂಚೋ ಮದುವೆ ಫೋಟೋ ಕೊಡ್ತಾನೆ, ಬೇಡ, ಅದರಲ್ಲಿ ನಾನು ಕಣ್ಣು ಮುಚ್ಚಿದೀನಿ."

"ಅತ್ತೆ, ದಾರ ಎಲ್ಲಿದೆ ನಿಮಗೆ ಗೊತ್ತು."

ಮುದುಕಿ ಒಂದು ತಿರುಳನ್ನು ಮುರಿಯದೆ ಇಡಿಯಾಗಿ ತೆಗೆದು ಬಟ್ಟಲಿಗೆ ಹಾಕಿದಳು.

"ಗೊತ್ತು. ನಾನೇ ಇಟ್ಟೆ."

ನೆವೆನಾಳ ಸುತ್ತಿಗೆ ನೆಲಕ್ಕೆ ಬಂತು.

"ನೀನು ನಲ್ಲಿ ಹತ್ರ ಹೋದೆ. ಅವನು ಹಿಂದೆ ಸುಣ್ಣ ಕಲಸ್ತಿದ್ದ. ಇಟ್ಟಿಗೆ ಸಂದಿ ಬಾಯಿ ಬಿಟ್ಕೊಂಡಿತ್ತು, ನನ್ನ ಎದೆ ಎತ್ತರಕ್ಕೆ. ತುರುಕಿದೆ. ಅವನು ಬಂದು ನೋಡದೇನೇ ಬಳಿದ. ಅವನನ್ನ ಬೈಬೇಡ."

"ಯಾಕೆ ಅತ್ತೆ?"

"ಬೆಳಿಗ್ಗೆ ನಿಂಗೆ ಬ್ರೆಡ್ಡು ತಂದಿದ್ದೆ. ಗೋಡೆಗೆ ತಲೆ ಕೊಟ್ಟು ಅಳ್ತಾ ಇದ್ದೆ. ಈ ಮನೆಗೆ ಬಂದು ಹದಿನಾರು ವರ್ಷ, ಒಂದು ದಿನ ನನ್ನೆದುರು ಅತ್ತಿಲ್ಲ ನೀನು, ನಾನು ಅಷ್ಟು ಬಾಯಿ ಮಾಡಿದ್ರೂ. ಗೋಡೆಗೋಸ್ಕರ ಕಣ್ಣೀರು ಹಾಕಿದೆ." ತಿರುಳಿನ ಸಿಪ್ಪೆ ಊದಿದಳು. "ನಮ್ಮಪ್ಪ ಹೇಳ್ತಿದ್ದ, ಒಳ್ಳೆ ಕೆಲಸಕ್ಕೆ ಗೋಡೆ ಯಾರನ್ನಾದ್ರೂ ಕೇಳುತ್ತೆ ಅಂತ. ನನಗೆ ಎಂಬತ್ತೊಂದು. ನಿನಗೆ ಮದುವೇಲಿ ಒಂದು ಉಂಗುರಾನೂ ಕೊಟ್ಟಿರಲಿಲ್ಲ ನಾನು."

"ನಂಗೆ ಬೇಡ ಇದು."

"ಬೇಡ ಅನ್ನೋ ಹಾಗಿಲ್ಲ. ಬಳಿದಾಯ್ತು. ಮೂವತ್ತೆಂಟು ದಿನ ಆಯ್ತು. ಒಡಿ, ಆಕ್ರೋಡು ಇನ್ನೂ ಅರ್ಧ ಚೀಲ ಇದೆ."

*

ಮರುದಿನ ಸಂಜೆ ಊರು ನೆರೆದಿತ್ತು. ಹಬ್ಬದ ಹಿಂದಿನ ದಿನ, ಕಡೆಯ ಬಣ್ಣ ಹಾಕುವುದನ್ನು ನೋಡಬೇಕೆಂದು ಕೆಳಗಿನ ಕೇರಿಯವರೂ ಬಂದಿದ್ದರು. ನೆವೆನಾ ಅಟ್ಟಣಿಗೆ ಏರಲಿಲ್ಲ. ಗಂಡನ ಚೀಲಕ್ಕೆ ಕೈ ಹಾಕಿ ಉಳಿ, ಸುತ್ತಿಗೆ ತೆಗೆದಳು.

"ಏನು ಮಾಡ್ತೀಯ?" ಮಿಂಚೋ ಕೇಳಿದ.

"ದಾರ ತೆಗೀತೀನಿ. ಅತ್ತೆ ಇಟ್ಟಿದಾರೆ, ತಾವೇ."

ಮಿಂಚೋ ಹೆಂಡತಿಯ ಮುಖ ನೋಡಿದ. ಎರಡು ವಾರದಿಂದ ಅವನೆದೆಯ ಮೇಲಿದ್ದದ್ದು ಏನೋ ಸರಿಯಿತು, ಅದಕ್ಕಿಂತ ಭಾರದ್ದು ಬಂದು ಕೂತಿತು. "ಚಿತ್ರ ಹೋಗುತ್ತೆ ನೆವೆ. ಪಟ್ಟಣದವರು ನಾಳೆ ಬರ್ತಾರೆ."

"ಗೊತ್ತು. ಎದೆ ಎತ್ತರ ಅಂದ್ರು. ಎಲ್ಲಿ ಹೊಡೀಲಿ ಹೇಳು, ಗಾರೆಯವನು ನೀನು."

ಅವನು ಬೆರಳ ಗೆಣ್ಣಿನಿಂದ ಬಣ್ಣದ ಹೆಂಗಸಿನ ಎದೆಯನ್ನು ತಟ್ಟುತ್ತಾ ಹೋದ. ಒಂದು ಕಡೆ ಸದ್ದು ಬೇರೆಯಾಯಿತು. "ಇಲ್ಲಿ."

ಮೊದಲ ಪೆಟ್ಟಿಗೆ ಗಾನ್ಚೆವಾ ಮೇಡಂ ಓಡಿ ಬಂದರು. "ನೆವೆನಾ, ತಲೆ ಕೆಟ್ಟಿದೆಯಾ ನಿಮಗೆ? ಅದು ಪುರಸಭೆ ಗೋಡೆ."

"ಗೋಡೆ ನಿಮ್ಮದೇ ಮೇಡಂ. ಒಳಗಿರೋದು ನಮ್ಮತ್ತೆ."

ಬೆಂಚುಗಳ ಮೇಲೆ ಬೀಜ ಜಗಿಯುವ ಸದ್ದು ನಿಂತುಹೋಯಿತು. ಏಳನೆಯದೋ ಎಂಟನೆಯದೋ ಪೆಟ್ಟಿಗೆ ಹಿಡಿಯಷ್ಟು ಗಾರೆ ಕಳಚಿತು. ಇಟ್ಟಿಗೆ ಸಂದಿಯಲ್ಲಿ ಕೆಂಪು ಕಂಡಿತು. ನೆವೆನಾ ಎರಡು ಬೆರಳಿನಿಂದ ಎಳೆದಳು. ಸುಣ್ಣ ಎಂಥ ಉಣ್ಣೆಯನ್ನಾದರೂ ತಿಂದುಹಾಕುತ್ತದೆ. ಆ ದಾರ ಹೊಸದರ ಹಾಗೆ ಬಂತು. ಮತ್ತು ಬೆಚ್ಚಗಿತ್ತು. ಅದನ್ನು ಮುಟ್ಟಿದವರು ಅವಳು, ಮಿಂಚೋ, ಕಾಲಿನಾ ಮೂವರೇ. ಮೂವರೂ ಇಂದಿಗೂ ಹಾಗೇ ಹೇಳುತ್ತಾರೆ.

ಮನೆಯಲ್ಲಿ ವೆಲಿಕಾ ಕಿಟಕಿಯ ಪಕ್ಕದ ಮಂಚದಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನೆವೆನಾ ದಾರವನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ಹುಚ್ಚಿ," ಎಂದಳು ಮುದುಕಿ. ಆಮೇಲೆ ಈಚೆ ಹೊರಳಿ, "ಸೂಪು ಏನಾದ್ರೂ ಉಳಿದಿದೆಯಾ?"

ಹಬ್ಬದ ಬೆಳಿಗ್ಗೆ ಗಂಟೆ ಹೊಡೆಯುವ ಹೊತ್ತಿಗೆ ಓದುಮನೆಯ ಗೋಡೆಯಿಂದ ಸುಣ್ಣದ ಬುಟ್ಟಿಯ ಹೆಂಗಸು ಪೂರ್ತಿ ಬಿದ್ದುಹೋಗಿದ್ದಳು. ಬೆಟ್ಟಕ್ಕೆ, ಕಮಾನಿಗೆ, ಗಂಡಸರಿಗೆ ಏನೂ ಆಗಿರಲಿಲ್ಲ. ನಡುವೆ ಅವಳಷ್ಟೇ ಅಗಲ, ಅವಳಷ್ಟೇ ಎತ್ತರ, ತಲೆವಸ್ತ್ರದ ಗಂಟಿನ ಸಮೇತ, ಬರೀ ಇಟ್ಟಿಗೆ. ಪಟ್ಟಣದವರು ಕಾರಿನಿಂದ ಇಳಿದು ನೋಡಿ, ಮತ್ತೆ ಕಾರು ಹತ್ತಿದರು. ಗಾನ್ಚೆವಾ ಮೇಡಂ ಅಲ್ಲಿಂದೀಚೆಗೆ ನೆವೆನಾಳ ಕಡೆ ತಿರುಗಿ ನೋಡಿಲ್ಲ.

ವೆಲಿಕಾ ನಲವತ್ತೊಂದನೇ ಬೆಳಿಗ್ಗೆ ಮೂರು ತುಂಡು ಬಾನಿತ್ಸಾ ತಿಂದಳು. ಆಮೇಲೆ ಕೂತು ಏಪ್ರನ್ ದಾರದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಉಗುರಿನಿಂದ ಬಾರದ್ದನ್ನು ಹಲ್ಲಿನಿಂದ. ಆಮೇಲೆ ಉಗ್ರಾಣಕ್ಕೆ ಹೋಗಿ ಚೀಟಿಗಳನ್ನು ಕಿತ್ತಳು. ಪಾದ್ರಿಯ ಸೀಸೆಯನ್ನು ಆ ಮಧ್ಯಾಹ್ನವೇ ತೆರೆದರು.

"ಇನ್ನು ಕೇಕಿನ ಅಂಗಡಿಗೇ ಹೋಗ್ತೀಯಾ?" ಮಿಂಚೋ ಹೆಂಡತಿಯನ್ನು ಮೆತ್ತಗೆ ಕೇಳಿದ.

"ಕೇಳ್ತೀನಿ. ಜಾಗ ಇದ್ರೆ."

ನವೆಂಬರಿನ ಮೊದಲ ವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ ನೆವೆನಾಗೆ ಫೋನು ಬಂತು. ಕೈಗೆ ಹಿಟ್ಟಾಗಿತ್ತು, ಕಾಲಿನಾ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು. ನದಿಯಾಚೆಯ ಒಂದು ಊರಿನವನು, ಮಾತು ಬಹಳ ಮರ್ಯಾದೆಯದು. ಶಾಲೆಯ ಗೋಡೆಯೊಂದಿದೆ, ಚಿತ್ರ ಬೇಕು ಎಂದ.

"ನನ್ನ ಗೋಡೆ ಏನಾಯ್ತು ಅಂತ ಕೇಳಿಲ್ವಾ ನೀವು?" ನೆವೆನಾ ಅಂದಳು.

"ಕೇಳಿದೀವಿ. ಮೂವತ್ತೊಂಬತ್ತು ದಿನ ಕಲ್ಲಿನ ಹಾಗೆ ನಿಂತಿತ್ತಂತೆ. ದಾರ ತೆಗೆದ ಮೇಲೆ ತಾನೇ ಬಿದ್ದದ್ದು. ಅದಕ್ಕೇ ನಿಮಗೇ ಫೋನು ಮಾಡಿದ್ದು."

"ಅಂಥ ಕೆಲಸ ನಾನು ಮಾಡಲ್ಲ. ಅಳೆಯಲ್ಲ."

"ಆ ತೊಂದರೆ ನಿಮಗೆ ಬೇಡ," ಎಂದ ಅವನು. "ನಮ್ಮಲ್ಲಿ ಒಬ್ಬ ಮುದುಕ ಇದಾನೆ, ಗೆರ್ಗಿನ್ ಅಂತ. ಹಿಂದೆ ಮುಂದೆ ಯಾರೂ ಇಲ್ಲ. ಮೊನ್ನೆ ಬಿಸಿಲಿಗೆ ಕೂತಿದ್ದಾಗ ನಾವೇ ಅಳೆದುಬಿಟ್ವಿ. ದಾರ ಆಗಲೇ ಒಳಗಿದೆ, ಗಾರೆ ಒಣಗಿದೆ. ನೀವು ಬಂದು ಬಣ್ಣ ಹಾಕಿದ್ರೆ ಸಾಕು."

ಮಿಂಚೋ ಫೋನು ಆರಿಸಲು ಕೈ ಚಾಚಿದ. ವೆಲಿಕಾ ಅವನ ಮಣಿಕಟ್ಟು ಹಿಡಿದಳು. ಸೊಸೆಯನ್ನೇ ನೋಡುತ್ತಿದ್ದಳು.

ನೆವೆನಾ ಹಿಟ್ಟಿನ ಕೈಯನ್ನು ನಿಧಾನವಾಗಿ ಬಟ್ಟೆಗೆ ಒರೆಸಿಕೊಂಡಳು.

"ಮೊನ್ನೆ ಅಂದ್ರೆ ಯಾವ ದಿನ?"

"ಭಾನುವಾರ."

"ಬರ್ತೀನಿ," ಎಂದಳು ಅವಳು. "ನಾಳೆ ಬೆಳಿಗ್ಗೆ ಬಸ್ಸಿಗೆ. ಗೋಡೆ ಮುಟ್ಟಬೇಡಿ, ನಾನು ಬರೋವರೆಗೆ."

ಫೋನು ಆರಿತು. ಮಿಂಚೋ ಎದ್ದು ಹೊರಗೆ ಹೋಗಿ, ತನ್ನ ಉಳಿಯನ್ನು ಸಾಣೆಗೆ ಕೊಟ್ಟು ತಂದು ಅವಳ ಬಣ್ಣದ ಪೆಟ್ಟಿಗೆಯಲ್ಲಿ ಕುಂಚಗಳ ಕೆಳಗೆ ಇಟ್ಟ. ವೆಲಿಕಾ ಉಗ್ರಾಣದಿಂದ ಒಂದು ಸೀಸೆ ತಂದು ಮೇಜಿನ ಮೇಲಿಟ್ಟು, ಮೊಮ್ಮಗಳ ಕಡೆ ಕೈ ಚಾಚಿದಳು.

"ಪೆನ್ನು ಕೊಡು. ಗೆರ್ಗಿನ್ ಅಂದನಲ್ವಾ?"

ಚೀಟಿ ಬರೆದು ಅಂಟಿಸಿದಳು. ಆಮೇಲೆ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಬೆರಳು ಮಡಿಸಿ ಭಾನುವಾರದಿಂದ ಎಣಿಸಿದಳು. ಏಪ್ರನ್ ದಾರವನ್ನು ಮಡಿಲಿಗೆ ಎಳೆದುಕೊಂಡು ನಾಲ್ಕು ಗಂಟು ಹಾಕಿದಳು.